ಮುರಕಲ್ಲಿನ ಮನೆಯಲ್ಲಿ ವೈಫೈ ತಲುಪದಿದ್ದಾಗ: ದೋಷ ಹುಡುಕುವ ಕ್ರಮ

ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಅಂತ ಕಾಸರಗೋಡು ಜಿಲ್ಲೆಯ ನಮ್ಮ ಕಡೆಯ ಬಹುಪಾಲು ಊರುಗಳಿಗೆ ಈಗ ಫೈಬರ್ ಬಂದಿದೆ. ಊರಿನ ಕೇಬಲಿನವರು ಕೊಟ್ಟದ್ದಿರಲಿ, ಬಿಎಸ್ಎನ್ಎಲ್ ಇರಲಿ, 2023ರ ಜೂನ್‌ನಲ್ಲಿ ಕೇರಳ ಸರಕಾರ ಉದ್ಘಾಟಿಸಿದ ಸರಕಾರಿ ಫೈಬರ್ ಜಾಲ ಕೆಫೋನ್ ಇರಲಿ, ಮನೆಯೆದುರಿನ ಕಂಬದವರೆಗೆ ವೇಗಕ್ಕೆ ಕೊರತೆಯಿಲ್ಲ. ತೊಂದರೆ ಶುರುವಾಗುವುದು ಹೊಸ್ತಿಲು ದಾಟಿದ ಮೇಲೆ. ಚಾವಡಿಯಲ್ಲಿ ಸಿನಿಮಾ ಸಲೀಸಾಗಿ ಓಡುತ್ತದೆ. ಅಡುಗೆಮನೆಗೆ ಹೋದರೆ ವಾಟ್ಸಪ್ ಕರೆ ಕಡಿಯುತ್ತದೆ. ಮೇಲಿನ ಕೋಣೆಯಲ್ಲಿ ಕುಳಿತ ಮಗುವಿನ ತರಗತಿ ಗಿರಗಿರ ಸುತ್ತುತ್ತಲೇ ಇರುತ್ತದೆ.

ಹೆಚ್ಚಿನವರು ಆಗ ಮಾಡುವ ಮೊದಲ ಕೆಲಸ, ಆನ್‌ಲೈನಿನಲ್ಲಿ ಒಂದು ರಿಪೀಟರ್ (ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ತರಿಸುವುದು. ಎರಡನೆಯದು, ಪ್ಲಾನ್ ದೊಡ್ಡದು ಮಾಡುವುದು. ಎರಡರಲ್ಲೂ ದುಡ್ಡು ಹೋಗುತ್ತದೆ, ತೊಂದರೆ ಹಾಗೆಯೇ ಉಳಿಯುತ್ತದೆ. ಕಾರಣ ಸರಳ: ತಡೆ ಎಲ್ಲಿದೆ ಎಂದು ಯಾರೂ ಅಳೆದು ನೋಡಿರುವುದಿಲ್ಲ. ಅಳೆಯಲು ಬೇಕಾದದ್ದು ಒಂದು ಫೋನು, ಒಂದು ಹಾಳೆ, ಒಂದು ಪೆನ್ನು. ಅರ್ಧ ದಿನದ ಕೆಲಸ. ಅದನ್ನು ಮಾಡಿದ ಮೇಲೆ ಹೊಸ ಸಾಮಾನು ಬೇಕೋ ಬೇಡವೋ ಎಂಬುದು ಹಾಳೆಯ ಮೇಲೆಯೇ ಕಾಣುತ್ತದೆ.

ವೈಫೈಯನ್ನು ದೂರುವ ಮೊದಲು ಲೈನು ನೋಡಿ

ಮನೆಯ ಎಲ್ಲ ಕೋಣೆಯಲ್ಲೂ ಒಂದೇ ರೀತಿ ನಿಧಾನವಾದರೆ ಅದು ಹೆಚ್ಚಾಗಿ ವೈಫೈ ತೊಂದರೆಯಲ್ಲ. ಫೈಬರ್ ಮೋಡೆಮಿನ ದೀಪಗಳನ್ನು ನೋಡಿ. ಲೈನು ಸೇರಿದೆ ಎಂದು ತೋರಿಸುವ ಪಿಒಎನ್ ದೀಪ ಹಸಿರಾಗಿ ನಿಂತಿರಬೇಕು. ಎಲ್ಒಎಸ್ ದೀಪ ಕೆಂಪಗೆ ಮಿಣುಕಿದರೆ ಬೆಳಕು ಮೋಡೆಮಿಗೆ ಬರುತ್ತಿಲ್ಲ ಎಂದರ್ಥ: ತೆಂಗಿನ ಮಡಲು ಬಿದ್ದು ಫೈಬರ್ ಕಡಿದಿರಬಹುದು, ಅಳಿಲು ಕಚ್ಚಿರಬಹುದು, ಕಪಾಟಿನ ಹಿಂದೆ ತಂತಿ ಮಡಚಿ ಹೋಗಿರಬಹುದು. ಇಲ್ಲಿ ನೀವು ಮಾಡಬಹುದಾದದ್ದು, ಒಳಗಿನ ಹಳದಿ ಅಥವಾ ಬಿಳಿ ಫೈಬರ್ ಎಲ್ಲಾದರೂ ಚೂಪಾಗಿ ಮಡಚಿದೆಯೇ ಎಂದು ನೋಡಿ ಬಿಡಿಸುವುದು, ಅಷ್ಟೇ. ತುದಿಯನ್ನು ಕಳಚಿ ಕಣ್ಣಿಗೆ ಹಿಡಿದು ನೋಡಬೇಡಿ. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣಿಗೆ ಕೆಡುಕು.

ದೀಪ ಸರಿಯಿದ್ದೂ ಮಳೆ ಬಂದಾಗೆಲ್ಲ ಲೈನು ಹೋಗಿ ಬರುತ್ತಿದ್ದರೆ ಮೋಡೆಮಿನ ಒಳಪುಟಕ್ಕೆ ಹೋಗಿ. ಬ್ರೌಸರಿನಲ್ಲಿ 192.168.1.1 ಎಂದು ಹೊಡೆದರೆ ಹೆಚ್ಚಿನವು ತೆರೆಯುತ್ತವೆ. ವಿಳಾಸ ಮತ್ತು ಪಾಸ್‌ವರ್ಡ್ ಮೋಡೆಮಿನ ಅಡಿಯ ಚೀಟಿಯಲ್ಲಿರುತ್ತದೆ. ಅಲ್ಲಿ ಆಪ್ಟಿಕಲ್ ರಿಸೀವ್ ಪವರ್ ಎಂಬ ಸಾಲು ಹುಡುಕಿ. ಮನೆಗಳಿಗೆ ಕೊಡುವ ಸಾಮಾನ್ಯ ಫೈಬರ್ ಮೋಡೆಮುಗಳು ಮೈನಸ್ 27 ಡಿಬಿಎಂವರೆಗೆ (ಡಿಬಿಎಂ ಎಂದರೆ ಸಿಗ್ನಲಿನ ಬಲ ಅಳೆಯುವ ಮಾನ) ಬೆಳಕನ್ನು ಓದುತ್ತವೆ. ಮೈನಸ್ 20ರ ಆಸುಪಾಸು ಇದ್ದರೆ ನಿಶ್ಚಿಂತೆ. ಮೈನಸ್ 26, 27ಕ್ಕೆ ಬಂದಿದ್ದರೆ ಎಲ್ಲೋ ಜಾಯಿಂಟಿನಲ್ಲಿ ಧೂಳೋ ನೀರೋ ಸೇರಿರಬಹುದು. ಅದು ಲೈನಿನವರ ಕೆಲಸ. ಈ ಸಂಖ್ಯೆಯನ್ನು ಬರೆದಿಟ್ಟು ಅವರಿಗೆ ಹೇಳಿ. "ನೆಟ್ ನಿಧಾನ" ಎನ್ನುವ ದೂರಿಗೂ "ರಿಸೀವ್ ಪವರ್ ಮೈನಸ್ 27 ಉಂಟು, ಮಳೆಗೆ ಲೈನ್ ಹೋಗ್ತದೆ" ಎನ್ನುವ ದೂರಿಗೂ ಸಿಗುವ ಉತ್ತರ ಬೇರೆಯೇ.

ಮುಂದೆ, ಲ್ಯಾಪ್‌ಟಾಪನ್ನು ಕೇಬಲಿನಲ್ಲಿ ನೇರ ಮೋಡೆಮಿಗೆ ಜೋಡಿಸಿ ವೇಗ ನೋಡಿ. ಕೊಟ್ಟ ಪ್ಲಾನಿನ ವೇಗ ಬಂದರೆ ಲೈನು ನಿರಪರಾಧಿ. 100 ಎಂಬಿಪಿಎಸ್‌ನ (ಸೆಕೆಂಡಿಗೆ ಮೆಗಾಬಿಟ್) ಮೇಲಿನ ಪ್ಲಾನು ಇದ್ದೂ ವೇಗ 95ರ ಮೇಲೆ ಏರುವುದೇ ಇಲ್ಲವಾದರೆ ಮೋಡೆಮಿನ ಪೋರ್ಟು 100 ಎಂಬಿಪಿಎಸ್‌ನದ್ದು, ಇಲ್ಲವೇ ಕೇಬಲಿನ ಎಂಟು ಎಳೆಗಳಲ್ಲಿ ಯಾವುದೋ ಒಂದು ಕಡಿದಿದೆ. ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ಎಳೆ ಬೇಕು. 100ಕ್ಕೆ ನಾಲ್ಕು ಸಾಕು.

ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲಿ ಪಿಂಗ್ ಮಾಡುವ (ಸಣ್ಣ ಸಂದೇಶ ಕಳಿಸಿ, ಉತ್ತರ ಎಷ್ಟು ಹೊತ್ತಿಗೆ ಬರುತ್ತದೆಂದು ನೋಡುವ) ಯಾವುದಾದರೂ ಆಪ್ ಹಾಕಿಕೊಳ್ಳಿ. ಮೊದಲು ರೂಟರಿನ (ವೈಫೈ ಹರಡುವ ಪೆಟ್ಟಿಗೆ; ಹೆಚ್ಚಿನ ಮನೆಗಳಲ್ಲಿ ಮೋಡೆಮೇ ಅದು) ವಿಳಾಸಕ್ಕೇ ಪಿಂಗ್ ಕಳಿಸಿ, ಆಮೇಲೆ ಹೊರಗಿನ, ಗೂಗಲ್‌ನ ವಿಳಾಸವಾದ 8.8.8.8ಕ್ಕೆ. ರೂಟರಿನ ಪಕ್ಕ ನಿಂತಾಗ ರೂಟರಿನಿಂದ ಕೆಲವೇ ಮಿಲಿಸೆಕೆಂಡಿನಲ್ಲಿ ಉತ್ತರ ಬರಬೇಕು. ತೊಂದರೆಯ ಕೋಣೆಯಲ್ಲಿ ನಿಂತು ಕಳಿಸಿದಾಗ ರೂಟರಿನ ಉತ್ತರವೇ ನೂರಾರು ಮಿಲಿಸೆಕೆಂಡಿಗೆ ಜಿಗಿದರೆ ಅಥವಾ ನಡುನಡುವೆ ಬರದೇ ಹೋದರೆ ಕುತ್ತು ಮನೆಯೊಳಗೆ, ಗಾಳಿಯಲ್ಲಿ. ರೂಟರಿನ ಉತ್ತರ ಸರಿಯಿದ್ದು ಹೊರಗಿನದ್ದು ಮಾತ್ರ ತಡವಾದರೆ ಕುತ್ತು ಲೈನಿನಲ್ಲಿ. ಈ ಒಂದು ಪರೀಕ್ಷೆಯಿಂದ ಅರ್ಧ ಗೊಂದಲ ಬಗೆಹರಿಯುತ್ತದೆ.

ಇನ್ನೊಂದು ಸಂಗತಿ ಅಡಾಪ್ಟರ್. ವೋಲ್ಟೇಜು ಏರಿಳಿಯುವ ನಮ್ಮಲ್ಲಿ 12 ವೋಲ್ಟಿನ ಸಣ್ಣ ಅಡಾಪ್ಟರುಗಳು ಬೇಗ ಸೋಲುತ್ತವೆ. ದೀಪವೆಲ್ಲ ಉರಿಯುತ್ತದೆ, ಆದರೆ ನಾಲ್ಕು ಫೋನು ಒಟ್ಟಿಗೆ ಸೇರಿದಾಗ ರೂಟರ್ ತನ್ನಷ್ಟಕ್ಕೆ ಆಫ್ ಆಗಿ ಆನ್ ಆಗುತ್ತದೆ. ಒಳಪುಟದಲ್ಲಿ ಅಪ್‌ಟೈಮ್ (ಕೊನೆಯ ಸಲ ಆನ್ ಆದ ಮೇಲೆ ಕಳೆದ ಹೊತ್ತು) ಎಷ್ಟಿದೆ ನೋಡಿ. ಕರೆಂಟು ಹೋಗದ ದಿನವೂ ಅದು ಒಂದೆರಡು ಗಂಟೆಯಷ್ಟೇ ತೋರಿಸಿದರೆ ಅಷ್ಟೇ ವೋಲ್ಟ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್ ಇರುವ ಬೇರೆ ಅಡಾಪ್ಟರ್ ಹಾಕಿ ನೋಡಿ.

ಮನೆಯ ನಕ್ಷೆ ಬರೆಯುವುದು

ಲೈನು, ಮೋಡೆಮು ಎರಡೂ ಸರಿಯೆಂದಾದರೆ ಈಗ ಗಾಳಿಯ ಸರದಿ. ಹಾಳೆಯ ಮೇಲೆ ಮನೆಯ ತಳದ ಚಿತ್ರ ಬರೆಯಿರಿ. ಅಳತೆ ಕರಾರುವಾಕ್ಕಾಗಿ ಇರಬೇಕಿಲ್ಲ. ಗೋಡೆಗಳು, ಬಾಗಿಲುಗಳು, ಮೋಡೆಮ್ ಇರುವ ಜಾಗ ಸರಿಯಿದ್ದರೆ ಆಯಿತು. ಆದರೆ ಪ್ರತಿ ಗೋಡೆ ಯಾವುದರದ್ದು ಎಂದು ಬರೆದುಕೊಳ್ಳಿ: ಮುರಕಲ್ಲು (ಜಂಬಿಟ್ಟಿಗೆ), ಮಣ್ಣು, ಸಿಮೆಂಟ್ ಬ್ಲಾಕ್, ಮರದ ಹಲಗೆ. ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕಿ ಇರುವಲ್ಲೆಲ್ಲ ಗುರುತು ಹಾಕಿ. ಎರಡು ಅಂತಸ್ತಿದ್ದರೆ ಎರಡು ಹಾಳೆ.

ಅಳೆಯುವುದು ಡಿಬಿಎಂ ಎಂಬ ಮಾನದಲ್ಲಿ. ಸಂಖ್ಯೆ ಯಾವಾಗಲೂ ಮೈನಸ್; ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲೊಂದು ಪಾಲು. ರೂಟರಿನ ಎದುರು ಮೈನಸ್ 35, 40 ಕಾಣುತ್ತದೆ. ಮೈನಸ್ 60ರವರೆಗೆ ಚಿಂತೆಯಿಲ್ಲ. ವಿಡಿಯೋ ಕರೆ, ಮಾತಿನ ಕರೆ ಕಡಿಯದೆ ನಡೆಯಲು ಮೈನಸ್ 67ಕ್ಕಿಂತ ಕೆಳಗಿಳಿಯಬಾರದು ಎಂಬುದು ಈ ಕೆಲಸದವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗಡಿ. ಮೈನಸ್ 75ರ ಆಚೆ ಸಂದೇಶ ಹೋದೀತು, ಕರೆ ಆಗದು. ಮೈನಸ್ 85ರ ಆಚೆ ಹೆಸರಿಗೆ ಮಾತ್ರ ವೈಫೈ.

ಫೋನಿನ ಮೇಲಿನ ಕಡ್ಡಿಗಳನ್ನು ನಂಬಬೇಡಿ. ಎಷ್ಟು ಡಿಬಿಎಂಗೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ಮಾಡಿದವರು ತಮಗೆ ಬೇಕಾದಂತೆ ಇಟ್ಟಿರುತ್ತಾರೆ. ಮೇಲಾಗಿ ಆ ಕಡ್ಡಿ ತೋರಿಸುವುದು ರೂಟರಿನ ಮಾತು ಫೋನಿಗೆ ಕೇಳಿಸುತ್ತಿದೆಯೇ ಎಂದಷ್ಟೇ. ಫೋನಿನ ಮಾತು ರೂಟರಿಗೆ ಕೇಳಬೇಕಲ್ಲ? ಫೋನಿನ ಪ್ರಸಾರ ರೂಟರಿಗಿಂತ ದುರ್ಬಲ. "ಮಾವ, ಮೂರು ಕಡ್ಡಿ ತೋರಿಸ್ತದೆ, ಆದ್ರೆ ಫೋಟೋ ಹೋಗುದೇ ಇಲ್ಲ" ಎಂದು ಮನೆಯ ಹುಡುಗಿ ಹೇಳಿದರೆ ಅವಳು ಹೇಳುವುದು ಸರಿ. ಕೆಳಗಿಳಿಯುವ ದಾರಿ ಇದೆ, ಮೇಲೇರುವ ದಾರಿ ಕಡಿದಿದೆ. ಆದ್ದರಿಂದಲೇ ರೂಟರಿನ ಶಕ್ತಿಯನ್ನು ಮಾತ್ರ ಏರಿಸುವುದರಿಂದ ಪ್ರಯೋಜನ ಅಲ್ಪ.

ಆಂಡ್ರಾಯ್ಡಿನಲ್ಲಿ ವೈಫೈ ಅನಲೈಜರ್ ಎಂಬ ಹೆಸರಿನ ಉಚಿತ ಆಪುಗಳಿವೆ. ಐಫೋನಿನವರಿಗೆ ಆಪಲ್‌ನದ್ದೇ ಏರ್‌ಪೋರ್ಟ್ ಯುಟಿಲಿಟಿ ಇದೆ. ಹಾಕಿಕೊಂಡ ಮೇಲೆ ಫೋನಿನ ಸೆಟ್ಟಿಂಗ್ಸಿನಲ್ಲಿ ಆ ಆಪಿನ ಪುಟಕ್ಕೆ ಹೋಗಿ ವೈಫೈ ಸ್ಕ್ಯಾನರ್ ಆನ್ ಮಾಡಬೇಕು. ಆಂಡ್ರಾಯ್ಡಿನಲ್ಲಿ ಒಂದು ಎಚ್ಚರ: 9ನೇ ಆವೃತ್ತಿಯಿಂದ ಈಚೆಗೆ ಒಂದು ಆಪು ಎರಡು ನಿಮಿಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಸ್ಕ್ಯಾನ್ ಮಾಡಲು ಆಗುವುದಿಲ್ಲ. ನಡೆಯುತ್ತಾ ನಡೆಯುತ್ತಾ ಓದಿದರೆ ಅಡುಗೆಮನೆಯಲ್ಲಿ ನಿಂತು ಚಾವಡಿಯ ಸಂಖ್ಯೆ ಬರೆದುಕೊಳ್ಳುತ್ತೀರಿ. 10ನೇ ಆವೃತ್ತಿ ಮತ್ತು ಅದರ ಮೇಲಿನ ಫೋನುಗಳಲ್ಲಿ ಡೆವಲಪರ್ ಆಪ್ಷನ್ಸಿಗೆ ಹೋಗಿ ವೈಫೈ ಸ್ಕ್ಯಾನ್ ಥ್ರಾಟ್ಲಿಂಗ್ ಆಫ್ ಮಾಡಬಹುದು. ಅದು ಕಷ್ಟವೆನಿಸಿದರೆ ಒಂದೊಂದು ಜಾಗದಲ್ಲೂ ಒಂದು ನಿಮಿಷ ನಿಂತು, ಸಂಖ್ಯೆ ನೆಲೆಗೊಂಡ ಮೇಲೆ ಬರೆಯಿರಿ.

ಅಳೆಯುವಾಗ ಒಂದೇ ಫೋನು, ಒಂದೇ ಎತ್ತರ. ಎದೆಯ ಮಟ್ಟದಲ್ಲಿ ಹಿಡಿದು, ಒಮ್ಮೆ ರೂಟರಿನ ಕಡೆಗೆ ಮುಖ ಮಾಡಿ, ಇನ್ನೊಮ್ಮೆ ಬೆನ್ನು ಹಾಕಿ ನೋಡಿ. ಮೈಯೆಲ್ಲ ನೀರೇ ಆದ್ದರಿಂದ ಬೆನ್ನು ಹಾಕಿದಾಗ ಸಂಖ್ಯೆ ಕೆಲವು ಡಿಬಿ (ಎರಡು ಡಿಬಿಎಂ ಸಂಖ್ಯೆಗಳ ವ್ಯತ್ಯಾಸ) ಇಳಿಯುತ್ತದೆ, ಕಡಿಮೆಯದ್ದನ್ನೇ ಬರೆಯಿರಿ. ಬಾಗಿಲುಗಳು ರಾತ್ರಿ ಹೇಗಿರುತ್ತವೋ ಹಾಗೆ ಮುಚ್ಚಿ. ಕೋಣೆಯ ನಡುವಲ್ಲಿ ಅಲ್ಲ, ಜನ ನಿಜವಾಗಿ ಕೂರುವಲ್ಲಿ ಅಳೆಯಿರಿ: ಹಾಸಿಗೆಯ ತಲೆದಿಂಬಿನ ಹತ್ತಿರ, ಓದುವ ಮೇಜು, ಅಡುಗೆಕಟ್ಟೆ, ಜಗಲಿಯ ಕುರ್ಚಿ.

ವೈಫೈ ಬಳಸುವ ಎರಡು ಬ್ಯಾಂಡುಗಳನ್ನೂ (ಅಲೆಯ ಪಟ್ಟಿಗಳನ್ನೂ) ಬೇರೆ ಬೇರೆಯಾಗಿ ಬರೆಯಬೇಕು. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆಗೆ ಬೇಗ ಸೋಲುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೂ ಆಪಿನಲ್ಲಿ ಬೇರೆ ಬೇರೆ ಸಾಲಾಗಿ ಕಾಣುತ್ತವೆ. ಅಂದ ಹಾಗೆ, ಹಳೆಯ ಅಥವಾ ಅಗ್ಗದ ಮೋಡೆಮುಗಳಲ್ಲಿ 5 ಗಿಗಾಹರ್ಟ್ಸ್ ಇರುವುದೇ ಇಲ್ಲ. ಆಪಿನಲ್ಲಿ ನಿಮ್ಮ ಹೆಸರು ಒಂದೇ ಸಲ ಬಂದರೆ, ಪಕ್ಕದಲ್ಲಿ ನಿಂತರೂ ಫೋನಿನಲ್ಲಿ ವೇಗ 40, 50ರ ಮೇಲೆ ಏರದಿರಲು ಕಾರಣ ಅದೇ.

ಹಾಳೆಯನ್ನು ಓದುವುದು

ನೀರ್ಚಾಲು ಕಡೆಯ ಒಂದು ಮನೆಯ ನಕ್ಷೆ ನನ್ನೆದುರು ಇದೆ. ಎದುರುಗಡೆ ಹಂಚಿನ ಮಾಡಿನ ಹಳೆಯ ಮನೆ, ಹಿಂದುಗಡೆ ಅದಕ್ಕೆ ಜೋಡಿಸಿ ಕಟ್ಟಿದ ತಾರಸಿ ಮನೆ, ತಾರಸಿಯ ಮೇಲೆ ಒಂದು ಕೋಣೆ. ಮೋಡೆಮ್ ಚಾವಡಿಯ ಮೂಲೆಯಲ್ಲಿ, ಟಿವಿಯ ಹಿಂದೆ. ಲೈನಿನವರು ಬಂದ ದಿನ ತಂತಿ ಒಳಗೆ ಬಂದ ಕಿಂಡಿಯ ಪಕ್ಕವೇ ಮೊಳೆ ಹೊಡೆದು ಹೋದದ್ದು. 5 ಗಿಗಾಹರ್ಟ್ಸಿನಲ್ಲಿ ಚಾವಡಿ ಮೈನಸ್ 42, ಮುಂದಿನ ನಡುಕೋಣೆ ಮೈನಸ್ 58, ಅಡುಗೆಮನೆ ಮೈನಸ್ 79, ಮೇಲಿನ ಕೋಣೆ ಮೈನಸ್ 83.

ನಡುಕೋಣೆಯಿಂದ ಅಡುಗೆಮನೆಗೆ ನಾಲ್ಕು ಹೆಜ್ಜೆ. ಅಷ್ಟರಲ್ಲಿ 21 ಡಿಬಿ ಹೋಯಿತು, ಅಂದರೆ ನೂರರಲ್ಲಿ ಒಂದು ಪಾಲೂ ಉಳಿಯಲಿಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಇಳಿಯುವುದು 6 ಡಿಬಿ ಮಾತ್ರ. ಹಾಗಾಗಿ ಇದು ದೂರದ ಪ್ರಶ್ನೆಯಲ್ಲ, ಆ ಒಂದು ಗೋಡೆಯ ಪ್ರಶ್ನೆ. ನಮ್ಮ ಕಡೆ ಹಳೆಯ ಮನೆಗೆ ಹೊಸ ಮನೆ ಸೇರಿಸಿದಲ್ಲೆಲ್ಲ ಇದೇ ಕಥೆ: ಹಳೆಯ ಮನೆಯ ಹಿಂದಿನ ಹೊರಗೋಡೆ ಈಗ ಮನೆಯ ಒಳಗೋಡೆಯಾಗಿದೆ. ಒಂದೂವರೆ ಅಡಿ ದಪ್ಪದ ಮುರಕಲ್ಲು, ಅದರ ಎರಡೂ ಬದಿಗೆ ಗಾರೆ, ತಾಗಿಕೊಂಡು ಹೊಸ ಮನೆಯ ಕಾಂಕ್ರೀಟು ಬೀಮು. ಗಿಲಾವು ಮಾಡಿ ಬಣ್ಣ ಬಳಿದ ಮೇಲೆ ಅದು ಎಲ್ಲ ಗೋಡೆಗಳಂತೆಯೇ ಕಾಣುತ್ತದೆ. ಸಂಖ್ಯೆ ಬರೆದಾಗ ಮಾತ್ರ ಅದರ ಗುಟ್ಟು ಹೊರಬೀಳುತ್ತದೆ.

ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ಸಿಗ್ನಲ್ ನಿಲ್ಲುತ್ತದೆ ಎಂದು ಹೇಳುವುದನ್ನು ಕೇಳಿದ್ದೇನೆ. ಅಲ್ಲಿರುವುದು ಕಬ್ಬಿಣದ ಆಕ್ಸೈಡು, ಲೋಹದ ತಗಡಲ್ಲ. ತಗಡಿನಂತೆ ಅದು ತಡೆಯುವುದಿಲ್ಲ. ನಿಜವಾದ ಕಾರಣ ಗೋಡೆಯ ದಪ್ಪ ಮತ್ತು ನೀರು. ಕಲ್ಲಿನ ತುಂಬ ತೂತು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ ಆಷಾಢದ ಹೊತ್ತಿಗೆ ಹೊರಗೋಡೆಗಳು ನೀರು ಕುಡಿದು ತಣ್ಣಗಿರುತ್ತವೆ. ವೈಫೈಯ ಅಲೆಗಳನ್ನು ನೀರು ಚೆನ್ನಾಗಿ ಹೀರುತ್ತದೆ. ಮಾರ್ಚ್‌ನಲ್ಲಿ ಸರಿಯಿದ್ದ ಕೋಣೆ ಜುಲೈಯಲ್ಲಿ ಕೈಕೊಟ್ಟರೆ ರೂಟರ್ ಹಾಳಾಯಿತೆಂದು ತೀರ್ಮಾನಿಸಬೇಡಿ. ಬೇಸಗೆಯಲ್ಲಿ ನಕ್ಷೆ ಬರೆದವರು ಮೈನಸ್ 67ಕ್ಕೆ ತೃಪ್ತರಾಗದೆ ಐದಾರು ಡಿಬಿ ಹೆಚ್ಚುವರಿ ಇಟ್ಟುಕೊಳ್ಳುವುದು ಒಳ್ಳೆಯದು.

ಓರೆಯ ದಾರಿಯೂ ಮುಖ್ಯ. ಮೋಡೆಮ್ ಮೂಲೆಯಲ್ಲಿದ್ದರೆ ಅಲೆ ಹೆಚ್ಚಿನ ಗೋಡೆಗಳಿಗೆ ಓರೆಯಾಗಿ ಬಡಿಯುತ್ತದೆ. ಆಗ ಹಿಂದಿರುಗಿ ಸಿಡಿಯುವ ಪಾಲು ಹೆಚ್ಚು, ಒಳಗೆ ಸಾಗುವ ದಾರಿಯೂ ಉದ್ದ. ಹಾಳೆಯ ಮೇಲೆ ಮೋಡೆಮಿನಿಂದ ಪ್ರತಿ ತೊಂದರೆಯ ಜಾಗಕ್ಕೆ ಸ್ಕೇಲಿಟ್ಟು ಗೆರೆ ಎಳೆಯಿರಿ. ಎಷ್ಟು ಗೋಡೆ ದಾಟಿತು, ನೇರವಾಗಿಯೋ ಓರೆಯಾಗಿಯೋ, ನಡುವೆ ಕಪಾಟು ಬಂತೋ ಎಂಬುದು ಕಣ್ಣಿಗೇ ಕಾಣುತ್ತದೆ. ಗೆರೆ ಬಾಗಿಲಿನ ಮೂಲಕ ಹಾದುಹೋಗುವ ಜಾಗ ಸಿಕ್ಕಿತೋ, ಮೋಡೆಮ್ ಇರಬೇಕಾದದ್ದು ಅಲ್ಲೇ.

ಹಳೆಯ ಮನೆಯ ಮರದ ಮುಚ್ಚಿಗೆ, ಹಂಚು ಇವು ದೊಡ್ಡ ತಡೆಯಲ್ಲ. ತಾರಸಿಯ ಕಾಂಕ್ರೀಟು ಒಳಗಿನ ಕಬ್ಬಿಣದ ಸರಳುಗಳಿಂದಾಗಿ ತಡೆ. ಸೋರದಿರಲೆಂದು ತಾರಸಿಯ ಮೇಲೆ ಹಾಕಿದ ಲೋಹದ ಶೀಟು ಇನ್ನೂ ಗಟ್ಟಿ ತಡೆ. ಕೆಳಗಿನ ಮನೆಯ ವೈಫೈಗೆ ಅದರಿಂದ ತೊಂದರೆಯಿಲ್ಲ, ಆದರೆ ಎದುರಿನ ಗುಡ್ಡೆಯ ಟವರಿನಿಂದ ಬರುವ ಮೊಬೈಲ್ ಸಿಗ್ನಲನ್ನು ಅದು ಕಡಿಮೆ ಮಾಡುತ್ತದೆ. ಶೀಟು ಹಾಕಿದ ಮೇಲೆ ಮನೆಯೊಳಗೆ ಫೋನು ಸಿಗದಾಯಿತೆಂಬ ದೂರು ಹಲವರದ್ದು. ಅಟ್ಟದಲ್ಲಿ ಅಡಿಕೆ ಮೂಟೆ ಪೇರಿಸಿಟ್ಟಿದ್ದರೆ ಅದೂ ತಡೆಯೇ. ಅಡಿಕೆ ಮಾರಿದ ಮೇಲೆ ಇನ್ನೊಮ್ಮೆ ಅಳೆದು ನೋಡಿ.

ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದು

ಮೋಡೆಮನ್ನು ಸರಿಸಿ. ಒಳಗಿನ ಫೈಬರ್ ತುಂಡು ಗಿಡ್ಡವಾಗಿದ್ದರೆ ಎರಡೂ ತುದಿಗೆ ಕನೆಕ್ಟರ್ ಇರುವ ಉದ್ದದ ಪ್ಯಾಚ್ ಕಾರ್ಡು ಸಿಗುತ್ತದೆ. ತುದಿಯ ಬಣ್ಣ ಹಸಿರಾದರೆ ಹಸಿರೇ ತನ್ನಿ. ನೀಲಿಯ ತುದಿಯನ್ನು ಹಸಿರಿಗೆ ಸೇರಿಸಿದರೆ ಬೆಳಕು ಸೋರುತ್ತದೆ. ಗೋಡೆಯ ಮೂಲೆಗಳಲ್ಲಿ ಫೈಬರನ್ನು ಚೂಪಾಗಿ ಮಡಚದೆ ದೊಡ್ಡ ಬಳಸು ಕೊಟ್ಟು ತಿರುಗಿಸಿ.

ನೀರ್ಚಾಲಿನ ಮನೆಯಲ್ಲಿ ಮೋಡೆಮನ್ನು ಚಾವಡಿಯಿಂದ ನಡುಕೋಣೆಗೆ ತಂದು, ಅಡುಗೆಮನೆಯ ಬಾಗಿಲಿಗೆ ಎದುರಾಗಿ, ದಾರಂದದ ಎತ್ತರದಲ್ಲಿ ಇಟ್ಟಾಗ ಅಡುಗೆಮನೆ ಮೈನಸ್ 64ಕ್ಕೆ ಬಂತು. ಚಾವಡಿ ಮೈನಸ್ 55ಕ್ಕೆ ಇಳಿಯಿತು, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಬಾಗಿಲು ಮರದ್ದು, ಮುಚ್ಚಿದರೂ ಎರಡು ಮೂರು ಡಿಬಿಯಷ್ಟೇ ವ್ಯತ್ಯಾಸ. ಅಜ್ಜಿ ಒಲೆಯ ಬುಡದಲ್ಲಿ ಕುಳಿತೇ ದುಬೈಯ ಮೊಮ್ಮಗನ ಮುಖ ನೋಡಿ ಮಾತಾಡುವಂತಾಯಿತು. ಒಂದು ಪ್ಯಾಚ್ ಕಾರ್ಡು ಬಿಟ್ಟರೆ ಏನೂ ಕೊಂಡಿಲ್ಲ.

ಆಂಟೆನಾ ಕೋಲುಗಳ ಬಗ್ಗೆ: ಕೋಲಿನ ಸುತ್ತ ಅಲೆ ಹರಡುವ ರೀತಿ ನಡುವೆ ತೂತಿರುವ ಉದ್ದಿನ ವಡೆಯ ಹಾಗೆ. ಕೋಲು ನೆಟ್ಟಗೆ ನಿಂತಿದ್ದರೆ ಅದೇ ಅಂತಸ್ತಿನ ಸುತ್ತಲೂ ಚೆನ್ನಾಗಿ ಹೋಗುತ್ತದೆ, ನೇರ ಮೇಲಕ್ಕೆ ಮತ್ತು ಕೆಳಕ್ಕೆ ದುರ್ಬಲ. ಮೇಲಿನ ಕೋಣೆಗೂ ಬೇಕಾದರೆ ಒಂದು ಕೋಲನ್ನು ಅಡ್ಡ ಮಲಗಿಸಿ. ಎಲ್ಲ ಕೋಲುಗಳನ್ನೂ ತೊಂದರೆಯ ಕೋಣೆಯ ಕಡೆಗೆ ಬೆರಳು ತೋರಿಸಿದ ಹಾಗೆ ತಿರುಗಿಸುವವರಿದ್ದಾರೆ. ಕೋಲಿನ ತುದಿಯ ದಿಕ್ಕಿಗೇ ಅತಿ ಕಡಿಮೆ ಹೋಗುವುದು.

ಚಾನೆಲ್ (ಬ್ಯಾಂಡಿನೊಳಗೆ ರೂಟರ್ ಬಳಸುವ ತುಂಡು) ಬದಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕಾಸರಗೋಡು ಪೇಟೆಯ ಫ್ಲ್ಯಾಟಿನಲ್ಲಿ, ಉಪ್ಪಳದ ಅಂಗಡಿ ಸಾಲಿನಲ್ಲಿ ಅದು ಸರಿ. ಅಲ್ಲಿ ಆಪು ತೆರೆದರೆ ಹತ್ತಿಪ್ಪತ್ತು ಹೆಸರು ಕಾಣುತ್ತವೆ. 2.4ರಲ್ಲಿ 1, 6, 11 ಈ ಮೂರರಲ್ಲಿ ಕಡಿಮೆ ಗದ್ದಲದ್ದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ತೋಟದ ನಡುವಿನ ಒಂಟಿ ಮನೆಯಲ್ಲಿ ಪಕ್ಕದ ಮನೆಯ ಹೆಸರೇ ಕಾಣದಿರುವಾಗ ಚಾನೆಲ್ ಹಿಂದೆ ಹೊತ್ತು ಕಳೆಯಬೇಡಿ.

ಎರಡನೆಯ ರೂಟರ್ ಬೇಕೇ ಬೇಕೆಂದಾದರೆ

ಮೋಡೆಮ್ ಸರಿಸಿದ ಮೇಲೂ ಮೇಲಿನ ಕೋಣೆ ಮೈನಸ್ 75ರಲ್ಲೇ ಉಳಿದರೆ ಆಗ ಖರ್ಚಿನ ಮಾತು. ನನ್ನ ಮಟ್ಟಿಗೆ ಉತ್ತರ ಒಂದೇ: ಕೇಬಲ್ ಎಳೆಯಿರಿ. ಕ್ಯಾಟ್ 6 ಕೇಬಲ್ ಒಂದೇ ಎಳೆತದಲ್ಲಿ 100 ಮೀಟರಿನವರೆಗೆ ಕೆಲಸ ಮಾಡುತ್ತದೆ, ಯಾವ ಮನೆಗಾದರೂ ಅಷ್ಟು ಧಾರಾಳ. ವಯರಿಂಗಿನ ಪೈಪಿನಲ್ಲಿ ಕರೆಂಟಿನ ತಂತಿಯ ಜೊತೆ ತುರುಕಬೇಡಿ; ಟಿವಿ ಕೇಬಲಿನ ಹಳೆಯ ಪೈಪು ಖಾಲಿ ಇರುತ್ತದೆ, ಅದನ್ನು ಬಳಸಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಮೇಲಿನ ತಾಮ್ರದ ಪದರ ಹೋಗಿ ಒಳಗೆ ಬಿಳಿ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ಬೇಗ ಮುರಿಯುತ್ತದೆ. ಒಳಗೂ ಕೆಂಪಿದ್ದರೆ ಮಾತ್ರ ತನ್ನಿ.

ಮೇಲಿನ ತುದಿಗೆ 2.4, 5 ಎರಡೂ ಇರುವ ಸಾಧಾರಣ ಡ್ಯುಯಲ್ ಬ್ಯಾಂಡ್ ರೂಟರ್ ಸಾಕು, ಆದರೆ ಅದನ್ನು ಆಕ್ಸೆಸ್ ಪಾಯಿಂಟ್ (ವೈಫೈ ಹರಡುವುದಷ್ಟೇ ಕೆಲಸ) ಮೋಡಿಗೆ ಹಾಕಬೇಕು. ಆ ಆಯ್ಕೆ ಇಲ್ಲದ ಹಳೆಯ ರೂಟರಾದರೆ ಅದರ ವಿಳಾಸವನ್ನು 192.168.1.2ರಂತೆ ಮೋಡೆಮಿನದಕ್ಕಿಂತ ಬೇರೆ ಮಾಡಿ, ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ವ್ಯಾನ್ (ಹೊರಗಿನ ಲೈನಿನ) ಪೋರ್ಟಿಗಲ್ಲ, ಲ್ಯಾನ್ (ಮನೆಯೊಳಗಿನ) ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡದೆ ಬಿಟ್ಟರೆ ಎರಡು ರೂಟರುಗಳೂ ಫೋನುಗಳಿಗೆ ವಿಳಾಸ ಹಂಚತೊಡಗಿ, ಕೆಲವರಿಗೆ ನೆಟ್ ಬರುತ್ತದೆ, ಕೆಲವರಿಗೆ ಇಲ್ಲ ಎಂಬ ಹೊಸ ತಲೆನೋವು ಹುಟ್ಟುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಬೇರೆ ಇರಲಿ.

ಕೇಬಲ್ ಸಾಧ್ಯವೇ ಇಲ್ಲದ ಮನೆಯಲ್ಲಿ ಮೆಶ್ (ಒಂದೇ ಜಾಲವಾಗಿ ಕೆಲಸ ಮಾಡುವ ವೈಫೈ ಪೆಟ್ಟಿಗೆಗಳ ಜೋಡಿ) ತನ್ನಿ. ರಿಪೀಟರೋ ಮೆಶ್ಶಿನ ಎರಡನೆಯ ಪೆಟ್ಟಿಗೆಯೋ, ಇಡುವ ಜಾಗ ಸಿಗ್ನಲ್ ಸತ್ತಿರುವ ಕೋಣೆಯಲ್ಲ. ತಾನೇ ಕೇಳಿಸಿಕೊಳ್ಳಲಾಗದ್ದನ್ನು ಅದು ಮುಂದಕ್ಕೆ ಹೇಗೆ ದಾಟಿಸೀತು? ನಕ್ಷೆಯಲ್ಲಿ ಮೈನಸ್ 60, 65 ಇರುವ ಕೊನೆಯ ಜಾಗ ಹುಡುಕಿ ಅಲ್ಲಿಡಿ. ಒಂದೇ ರೇಡಿಯೋದಲ್ಲಿ ಕೇಳಿ ಅದರಲ್ಲೇ ಮರಳಿ ಹೇಳುವ ಅಗ್ಗದ ರಿಪೀಟರುಗಳಲ್ಲಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದು ಅವುಗಳ ದೋಷವಲ್ಲ, ಕೆಲಸದ ರೀತಿಯೇ ಹಾಗೆ.

ಎರಡು ರೂಟರ್ ಇಟ್ಟ ಮೇಲೆ ಬರುವ ಸಾಮಾನ್ಯ ದೂರು: ಮೇಲಿನ ಕೋಣೆಗೆ ಬಂದರೂ ಫೋನು ಕೆಳಗಿನದ್ದನ್ನೇ ಹಿಡಿದುಕೊಂಡಿರುತ್ತದೆ. ಯಾವುದಕ್ಕೆ ಸೇರಬೇಕೆಂದು ತೀರ್ಮಾನಿಸುವುದು ಬಹುಮಟ್ಟಿಗೆ ಫೋನೇ. ಕೆಳಗಿನ ರೂಟರಿನ 2.4ರ ಪ್ರಸಾರ ಶಕ್ತಿಯನ್ನು ಸೆಟ್ಟಿಂಗಿನಲ್ಲಿ ಮಧ್ಯಮಕ್ಕೆ ಇಳಿಸಿ. ಶಕ್ತಿ ಇಳಿಸಿದರೆ ವೈಫೈ ಚೆನ್ನಾಗುತ್ತದೆ ಎಂಬುದು ವಿಚಿತ್ರವೆನಿಸಬಹುದು, ಆದರೆ ಫೋನು ಆಗ ಹಳೆಯದನ್ನು ಬೇಗ ಬಿಟ್ಟು ಹೊಸದಕ್ಕೆ ಸೇರುತ್ತದೆ.

ಹಟ್ಟಿ, ಅಂಗಳ, ಪಂಪ್ ಶೆಡ್ಡು: ಇಲ್ಲಿ ಸಿಡಿಲಿನ ಲೆಕ್ಕ ಮೊದಲು

ಅಡಿಕೆ ಒಣಗಿಸುವ ಅಂಗಳಕ್ಕೆ ಕ್ಯಾಮೆರಾ, ಪಂಪಿಗೆ ವೈಫೈ ಸ್ಟಾರ್ಟರ್ ಎಂದು ಈಗ ಎಲ್ಲರಿಗೂ ಮನೆಯ ಹೊರಗೂ ವೈಫೈ ಬೇಕು. ಈ ಸಾಮಾನುಗಳಲ್ಲಿ ಬಹಳಷ್ಟು 2.4ನ್ನು ಮಾತ್ರ ಹಿಡಿಯುತ್ತವೆ. ಸೇರಿಸುವಾಗ ಫೋನು 5ರಲ್ಲಿದ್ದರೆ ಹಲವು ಆಪುಗಳು ಎಡವುತ್ತವೆ, ಹಾಗಾಗಿ ಆ ಹೊತ್ತಿಗೆ 5ನ್ನು ಆಫ್ ಮಾಡಿಡಿ. ನಡುವೆ ಬಾಳೆ, ಕೊಕ್ಕೋ, ಅಡಿಕೆ ಸಾಲುಗಳಿದ್ದರೆ ಒದ್ದೆ ಎಲೆ ಅಲೆಯನ್ನು ಹೀರುತ್ತದೆ. ಎಲೆಗಿಂತ ಕೆಳಗೆ, ಕಾಂಡಗಳ ನಡುವಿನಿಂದ ಹಾದುಹೋಗುವ ಎತ್ತರ ಹುಡುಕಿ.

ಮನೆಯಿಂದ ಹಟ್ಟಿಗೋ (ದನದ ಕೊಟ್ಟಿಗೆ) ಶೆಡ್ಡಿಗೋ ತಾಮ್ರದ ಕೇಬಲ್ ಎಳೆಯಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು, ಮತ್ತೆ ಅಕ್ಟೋಬರ್, ನವೆಂಬರಿನ ತುಲಾ ಮಳೆಯ ಸಿಡಿಲು ನಮ್ಮ ಗುಡ್ಡೆಗಳಲ್ಲಿ ಕಟುವಾದದ್ದು. ಸಿಡಿಲು ನೇರ ಬಡಿಯಬೇಕೆಂದಿಲ್ಲ. ಹತ್ತಿರದ ತೆಂಗಿಗೆ ಬಡಿದರೂ ಎರಡು ಕಟ್ಟಡಗಳ ನೆಲದ ನಡುವೆ ಹುಟ್ಟುವ ವೋಲ್ಟೇಜು ಆ ತಾಮ್ರದಲ್ಲಿ ಹರಿದು ಎರಡೂ ತುದಿಯ ಪೆಟ್ಟಿಗೆಗಳನ್ನು ಸುಡುತ್ತದೆ, ಅವುಗಳ ಮೂಲಕ ಟಿವಿ, ಕಂಪ್ಯೂಟರಿಗೂ ದಾಟುತ್ತದೆ. ಕಟ್ಟಡಗಳ ನಡುವೆ ಫೈಬರ್ ಹಾಕಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಇಡಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಕಂಬದಿಂದ ಕಂಬಕ್ಕೆ ಕಟ್ಟುವ ಸಾಮಾನ್ಯ ಡ್ರಾಪ್ ಫೈಬರಿನ ಪಕ್ಕದಲ್ಲಿ ಬಿಗಿಗೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ. ಉಕ್ಕಿನ ಬದಲು ನಾರಿನ ಕಡ್ಡಿ ಇರುವ ಫೈಬರ್ ಸಿಕ್ಕರೆ ಇನ್ನೂ ಒಳ್ಳೆಯದು. ಒಂದರಿಂದ ಇನ್ನೊಂದು ನೇರ ಕಾಣುವಂತಿದ್ದರೆ ಗಾಳಿಯಲ್ಲೇ ಜೋಡಿಸುವ ಎರಡು ಹೊರಾಂಗಣ ಬ್ರಿಡ್ಜ್ ಪೆಟ್ಟಿಗೆಗಳೂ ಸಾಕು.

ಗುಡುಗು ಶುರುವಾದಾಗ ಮೋಡೆಮಿನ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಎಳೆದಿಡಿ. ಅದು ಸಿಡಿಲು ಹತ್ತಿರ ಬರುವ ಮೊದಲೇ ಆಗಬೇಕು. ಬರಿಯ ಕರೆಂಟು ಹೋಗುವ ತೊಂದರೆಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇದೆ, ಇಡೀ ಮನೆಯ ಇನ್ವರ್ಟರ್ ಬೇಕಿಲ್ಲ.

ವೈಫೈ ಮೂಲಕ ಫೋನ್ ಕರೆ

ಕಣಿವೆಯ ಮನೆಗಳಲ್ಲಿ ಟವರ್ ಸಿಗದವರಿಗೆ ಇದು ದೊಡ್ಡ ಅನುಕೂಲ. ಸಿಮ್ಮಿನ ಕಂಪನಿಯೂ ಫೋನೂ ಎರಡೂ ಒಪ್ಪಬೇಕು; ಸೆಟ್ಟಿಂಗ್ಸಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಇದಕ್ಕೆ ವೇಗ ಬಹಳ ಬೇಡ, ಆದರೆ ನಡುನಡುವೆ ಕಡಿಯಬಾರದು. ಮೈನಸ್ 67ರ ಗಡಿ ಇಲ್ಲಿ ನಿಜಕ್ಕೂ ಮುಖ್ಯ. ವೈಫೈ ಬಲವಾಗಿದ್ದೂ ಕರೆ ನಡೆಯುವಾಗ ಧ್ವನಿ ಕಡಿದರೆ ಫೋನು ಹೊರಗಿನ ದುರ್ಬಲ ಟವರಿಗೂ ವೈಫೈಗೂ ಮಧ್ಯೆ ಓಲಾಡುತ್ತಿರಬಹುದು. ಗಡಿಯ ಕಡೆ, ಪೆರ್ಲ, ಬಾಯಾರು, ಪೈವಳಿಕೆಯ ಎತ್ತರದ ಮನೆಗಳಲ್ಲಿ ಕರ್ನಾಟಕದ ಟವರೂ ನಡುವೆ ಇಣುಕುತ್ತದೆ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೈಫೈ ಮಾತ್ರ ಆನ್ ಮಾಡಿ ಒಂದು ಕರೆ ಮಾಡಿ ನೋಡಿ. ಆಗ ಧ್ವನಿ ಸ್ಪಷ್ಟವಾದರೆ ಮನೆಯ ವೈಫೈಯಲ್ಲಿ ಕೊರತೆಯಿಲ್ಲ. ಸೆಟ್ಟಿಂಗಿನಲ್ಲಿ ವೈಫೈಗೆ ಆದ್ಯತೆ ಎಂಬ ಆಯ್ಕೆ ಇದ್ದರೆ ಅದನ್ನು ಇಡಿ. ಆಗಲೂ ಕಡಿದರೆ ಅದೇ ಜಾಗದಿಂದ ರೂಟರಿಗೆ ಪಿಂಗ್ ಕಳಿಸಿ, ಮೊದಲ ಪರೀಕ್ಷೆಯಿಂದ ಶುರು ಮಾಡಿ.